ಗೆದ್ದವರು ಏಳುವಂತಿಲ್ಲ

ನನ್ನ ಸೋದರಮಾವನಿಗೂ ಒಂದು ದೊಡ್ಡ ವಿಡಿಯೋ ಗೇಮ್ ಕಂಪನಿಗೂ ಈಚೆಗೆ ಭಾರಿ ವ್ಯಾಜ್ಯ ನಡೆಯಿತು. ಕಂಪನಿಯವರಿಗೆ ಮಾತ್ರ ಈ ವಿಷಯ ಇವತ್ತಿನವರೆಗೂ ಗೊತ್ತಿಲ್ಲ!

ನಗಬೇಡಿ. ಎದುರಾಳಿಗೆ ಗೊತ್ತೇ ಆಗದ ಹಾಗೆ ವ್ಯಾಜ್ಯ ನಡೆಸುವುದು ನಮ್ಮ ಮಾವನಿಗೆ ಹೊಸದೇನಲ್ಲ. ಹಿಂದೊಮ್ಮೆ ಹಾಲಿನವನ ಮೇಲೆ ಸಿಟ್ಟಾಗಿ ಎರಡು ವರ್ಷ ಮಾತು ಬಿಟ್ಟಿದ್ದರು. ಆ ಪುಣ್ಯಾತ್ಮ, "ಸಾಹೇಬ್ರು ಈಚೀಚೆಗೆ ಬಾಳ ಸಮಾಧಾನ ಆಗವ್ರೆ ಕಣ್ರೀ, ಒಂದ್ ಮಾತೂ ಬೈಯಲ್ಲ" ಅಂತ ಬೀದಿಯಲ್ಲೆಲ್ಲ ಹೊಗಳಿಕೊಂಡು ತಿರುಗುತ್ತಿದ್ದ.

ಮಾವ ನಂಜನಗೂಡಿನಲ್ಲಿ ಪತ್ರ ಬರಹಗಾರರು. ಅಂದರೆ ಕಾಗದ ಬರೆಯುವವರು ಅಂದುಕೊಳ್ಳಬೇಡಿ. ಜಮೀನು, ಮನೆ, ಸೈಟುಗಳ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಡುವವರು. ನಲವತ್ತು ವರ್ಷ ಒಂದೇ ಹೊಂಗೆಮರದ ನೆರಳಲ್ಲಿ, ಒಂದೇ ಮೇಜಿನ ಮುಂದೆ ಕೂತು ಬರೆದೂ ಬರೆದೂ ಅವರ ನಾಲಿಗೆಯೇ ಛಾಪಾ ಕಾಗದವಾಗಿಬಿಟ್ಟಿದೆ. ತಿಂಡಿಗೆ ಕೂತರೆ "ಸದರಿ ಉಪ್ಪಿಟ್ಟಿಗೆ ಉಪ್ಪು ಕಮ್ಮಿ" ಅನ್ನುತ್ತಾರೆ. ನನ್ನ ಮದುವೆಯ ಲಗ್ನಪತ್ರಿಕೆ ಅಚ್ಚಾಗಿ ಬಂದಾಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದರಲ್ಲಿ ಚೆಕ್ಕುಬಂದಿಯೇ ಇಲ್ವಲ್ಲವ್ವ!" ಅಂದರು. ಚೆಕ್ಕುಬಂದಿ ಅಂದರೆ ಆಸ್ತಿಯ ನಾಲ್ಕು ದಿಕ್ಕಿಗೂ ಏನೇನಿದೆ ಅಂತ ಪತ್ರದಲ್ಲಿ ಬರೆಯುವ ಗಡಿ. ಅದಿಲ್ಲದ ಪತ್ರ ಅವರ ಲೆಕ್ಕದಲ್ಲಿ ಪತ್ರವೇ ಅಲ್ಲ. ರಾತ್ರಿಯಿಡೀ ಕೂತು ಮುನ್ನೂರು ಲಗ್ನಪತ್ರಿಕೆಯ ಮೇಲೂ 'ಪೂರ್ವಕ್ಕೆ ಎಣ್ಣೆ ಗಾಣ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ' ಅಂತ ಛತ್ರದ ಚೆಕ್ಕುಬಂದಿಯನ್ನು ಕೈಯಲ್ಲೇ ಬರೆದರು. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಮದುವೆಯ ದಿನ ನಮ್ಮ ಕಡೆಯವರೆಲ್ಲ ಸರಿಯಾಗಿ ಬಂದರು. ಚೆಕ್ಕುಬಂದಿಯಿಲ್ಲದ ಪತ್ರಿಕೆ ಅಚ್ಚು ಹಾಕಿಸಿದ್ದ ಗಂಡಿನವರು ಮಾತ್ರ ಬೇರೆ ಛತ್ರಕ್ಕೆ ಹೋಗಿ, ಅಲ್ಲಿ ತಿಂಡಿ ಮುಗಿಸಿಕೊಂಡು ಬಂದರು!

ಇಂಥವರ ಜೊತೆ ನಮ್ಮತ್ತೆ ಮೂವತ್ತೈದು ವರ್ಷ ಬಾಳಿದಳು. ಮಕ್ಕಳಿರಲಿಲ್ಲ. ನಾನು ಮೂಗೂರಿನವಳು, ಹೈಸ್ಕೂಲು ಓದಿದ್ದು ಮಾತ್ರ ನಂಜನಗೂಡಿನಲ್ಲಿ, ಇವರ ಮನೆಯಲ್ಲಿದ್ದುಕೊಂಡು. ಈಗ ಟಿ. ನರಸೀಪುರದ ಒಂದು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅತ್ತೆ ಹೋಗಿ ಮೂರು ವರ್ಷವಾಯಿತು. ತಿಂಗಳಿಗೊಂದು ಭಾನುವಾರ ಮಾವನನ್ನು ನೋಡಲು ಹೋಗುತ್ತೇನೆ. ಬೆಳಿಗ್ಗೆ ಹೋಗಿ ಐದೂವರೆ ಬಸ್ಸಿಗೆ ಎದ್ದುಬಿಡುತ್ತೇನೆ. 'ಮಕ್ಕಳ ನೋಟ್ಸ್ ತಿದ್ದಬೇಕು ಮಾವ' ಅನ್ನುತ್ತೇನೆ. ಬೇಸಿಗೆ ರಜೆಯಲ್ಲೂ ಹಾಗೇ ಅಂದಿದ್ದೇನೆ. ಮಾವ ಒಂದು ಸಲವೂ ಯಾವ ಮಕ್ಕಳು ಅಂತ ಕೇಳಲಿಲ್ಲ.

ಹೊಂಗೆಮರದ ಕೆಳಗೂ ಈಗ ಜನವಿಲ್ಲ. ಎಲ್ಲ ಕಂಪ್ಯೂಟರಿನಲ್ಲೇ ಆಗುವಾಗ ಕೈಬರಹದವರನ್ನು ಯಾರು ಕೇಳುತ್ತಾರೆ? ಆದರೂ ಮಾವ ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಕೂರುತ್ತಾರೆ. 'ಹೇಗಿದೆ ಮಾವ ಕೆಲಸ?' ಅಂದರೆ 'ತಲೆ ತುರಿಸ್ಕೊಳ್ಳೋಕೂ ಪುರುಸೊತ್ತಿಲ್ಲ ಕಣವ್ವ' ಅನ್ನುತ್ತಾರೆ. ಆ ಪುರುಸೊತ್ತಿಲ್ಲದ ಹೊತ್ತಿನಲ್ಲೇ ಅವರು ಮೊಬೈಲಿನಲ್ಲಿ ಚೌಕಾಬಾರ ಆಡುವುದನ್ನು ಕಲಿತದ್ದು!

ಅರವತ್ತೆಂಟರ ವಯಸ್ಸಿನಲ್ಲಿ ವಿಡಿಯೋ ಗೇಮ್ ಹುಚ್ಚು ಹಿಡಿದರೆ ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮ ಮಾವನನ್ನು ನೋಡಬೇಕು. ಆ ಆಟದಲ್ಲಿ ಎದುರಿಗೆ ಆಡುವವರು ಯಾರು, ಎಲ್ಲಿಯವರು ಅಂತ ಗೊತ್ತಾಗುವುದಿಲ್ಲ. ಹೆಸರಿನ ಬದಲು ಗೆಸ್ಟ್ ಅಂತ ಒಂದು ನಂಬರು ಬರುತ್ತದೆ. ಮಾವನಿಗೆ ಅವರೆಲ್ಲ ನೆಂಟರು. ಒಂದು ಭಾನುವಾರ ಊಟಕ್ಕೆ ಕೂತವರು ತುತ್ತು ಎತ್ತದೆ ಯೋಚನೆ ಮಾಡುತ್ತಿದ್ದರು.

"ಏನಾಯ್ತು ಮಾವ?"

"ಎಪ್ಪತ್ತೊಂದು ಎರಡು ದಿನದಿಂದ ಬಂದಿಲ್ಲ ಕಣವ್ವ. ಉಷಾರಿಲ್ವೇನೋ."

ಎಪ್ಪತ್ತೊಂದು ಯಾರು ಅಂತೀರಾ? ಗೆಸ್ಟ್ ಎಪ್ಪತ್ತೊಂದು! ಅದು ಮನುಷ್ಯನೋ ಕಂಪ್ಯೂಟರೋ ಅಂತ ಕೂಡ ಗೊತ್ತಿಲ್ಲ. ನಾನು ಜೋರಾಗಿ ನಕ್ಕೆ. ಆಮೇಲೆ ಬಸ್ಸಿನಲ್ಲಿ ಕೂತಾಗ ನಗು ಬರಲಿಲ್ಲ.

ಚೌಕಾಬಾರ ಮರೆತವರಿಗಾಗಿ ಹೇಳಿಬಿಡುತ್ತೇನೆ. ಐದಕ್ಕೆ ಐದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಸುತ್ತು ಹಾಕಿ ನಡುಮನೆ ಸೇರಿದ ಕಾಯಿ ಹಣ್ಣಾಯಿತು ಅಂತ ಲೆಕ್ಕ. ಕವಡೆಯಲ್ಲಿ ನಾಲ್ಕು ಬಿದ್ದರೆ ಚೌಕ, ಎಂಟು ಬಿದ್ದರೆ ಬಾರ. ನಾಲ್ಕೂ ಮೊದಲು ಹಣ್ಣಾದವರು ಗೆದ್ದರು. ಲೋಕದಲ್ಲೆಲ್ಲ ಗೆದ್ದವರು ಎದ್ದು ಹೋಗುತ್ತಾರೆ. ನಮ್ಮ ಮಾವನ ಮನೆಯಲ್ಲಿ ಮಾತ್ರ ಹಾಗಿಲ್ಲ. ಅಲ್ಲೊಂದು ವಿಶೇಷ ಕಟ್ಟಳೆ: ಗೆದ್ದವರು ಏಳುವಂತಿಲ್ಲ. ಎಲ್ಲರಿಗಿಂತ ಹಿಂದೆ ಬಿದ್ದವರ ಪಕ್ಕಕ್ಕೆ ಹೋಗಿ ಕೂತು, ಅವರ ಕಾಯಿಗಳೂ ಹಣ್ಣಾಗುವವರೆಗೆ ಅವರ ಪರವಾಗಿ ತಾವೂ ಕವಡೆ ಎಸೆಯಬೇಕು. ನಾನು ಹೈಸ್ಕೂಲಿನ ದಿನಗಳಿಂದ ಹಾಗೇ ಆಡಿದವಳು. ಇಂಥ ವಕ್ರ ಕಟ್ಟಳೆ ಮಾವನನ್ನು ಬಿಟ್ಟು ಇನ್ಯಾರಿಗೆ ಹೊಳೆದೀತು ಅಂತಲೇ ನಂಬಿದ್ದೆ.

ಒಂದು ಭಾನುವಾರ ನಾನು ಹೊಸಿಲು ದಾಟುವ ಮೊದಲೇ ಮಾವ ಮೊಬೈಲನ್ನು ಮುಖಕ್ಕೆ ಹಿಡಿದರು. "ಕಳ್ತನ ಆಗದೆ ಕಣವ್ವ! ಹಾಡ ಹಗಲೇ ಕಳ್ತನ!"

ನೋಡಿದೆ. ಆಟಕ್ಕೆ ಹೊಸದೇನೋ ಸೇರಿಸಿದ್ದರು. ಇನ್ನು ಮೇಲೆ ಗೆದ್ದವರು ಹಿಂದೆ ಬಿದ್ದವರಿಗೆ ಸಹಾಯ ಮಾಡಬಹುದಂತೆ, ಅವರ ಬದಲು ಕವಡೆ ಎಸೆಯಬಹುದಂತೆ. ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಈ ವಿಧಾನಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ್ದೇವೆ ಅಂತ ಬರೆದಿತ್ತು. ಕ್ರಯಪತ್ರದ ಸಣ್ಣ ಅಕ್ಷರ ಓದಿ ಓದಿ ಪಳಗಿದ ಕಣ್ಣು, ಬಿಟ್ಟೀತೇ?

"ಪೇಟೆಂಟು ಅಂದ್ರೇನವ್ವ, ನೀನು ಸೈನ್ಸ್ ಮೇಡಮ್ಮು, ಸರಿಯಾಗಿ ಹೇಳು."

"ಹೊಸದಾಗಿ ಏನಾದ್ರೂ ಕಂಡುಹಿಡಿದವರಿಗೆ ಸರ್ಕಾರ ಕೊಡೋ ಹಕ್ಕು ಮಾವ. ಇಷ್ಟು ವರ್ಷ ಅಂತ ಇರುತ್ತೆ. ಅಲ್ಲೀವರೆಗೆ ಅವರನ್ನ ಕೇಳದೆ ಬೇರೆಯವರು ಅದನ್ನ ಉಪಯೋಗಿಸೋ ಹಾಗಿಲ್ಲ."

ಮಾವನ ಮುಖ ಬಿಳಿಚಿಕೊಂಡಿತು. "ಅಂದ್ರೆ ನಮ್ಮ ಜಗಲಿ ಮೇಲೆ ನಾವು ಹಂಗೆ ಆಡೋ ಹಾಗಿಲ್ವಾ?"

ಮನೆ ಜಗಲಿಗೆ ಯಾರು ಬರುತ್ತಾರೆ, ಅದೆಲ್ಲ ಕಂಪನಿ ಕಂಪನಿಗಳ ಜಗಳ, ಇಂಥ ಪೇಟೆಂಟು ಕೊಡಬೇಕೋ ಬೇಡವೋ ಅಂತ ದೊಡ್ಡವರೇ ಬಡಿದಾಡುತ್ತಿದ್ದಾರೆ ಅಂತ ನಾನು ಹೇಳುತ್ತಲೇ ಇದ್ದೆ. ಅವರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು. ಕಂಪನಿಯವರು ಬರೆಸಿಕೊಳ್ಳುವ ಮೊದಲೇ ನಾವು ಬರೆಸಿಕೊಳ್ಳಬೇಕು ಅಂತ! ಐದು ಪುಟದ ಪತ್ರ ತಯಾರಾಯಿತು. ಒಂದು ಆಟದ ಕಟ್ಟಳೆಗೆ ಜಗತ್ತಿನಲ್ಲೇ ಮೊದಲ ಬಾರಿಗೆ ಚೆಕ್ಕುಬಂದಿ ಬರೆದವರು ನಮ್ಮ ಮಾವ. ಬೇಕಾದರೆ ಓದಿ:

'ಪೂರ್ವಕ್ಕೆ: ಚೌಕ ಬಿದ್ದರೆ ಮತ್ತೊಮ್ಮೆ ಎಸೆಯುವ ಕಟ್ಟಳೆ. ಪಶ್ಚಿಮಕ್ಕೆ: ಎದುರಾಳಿಯ ಕಾಯಿ ಕಡಿದವರಿಗೆ ಮಾತ್ರ ಒಳಸುತ್ತಿಗೆ ಪ್ರವೇಶವೆಂಬ ಕಟ್ಟಳೆ. ಉತ್ತರಕ್ಕೆ: ಕಟ್ಟೆಮನೆಯಲ್ಲಿ ಕೂತ ಕಾಯಿಯನ್ನು ಕಡಿಯಬಾರದೆಂಬ ಕಟ್ಟಳೆ. ದಕ್ಷಿಣಕ್ಕೆ: ಎದುರುಮನೆ ನಾಗಮ್ಮನ ಮೋಸ. ಈ ಮಧ್ಯೆ ಇರುವ ಕಟ್ಟಳೆಯು...'

ಮಾಲೀಕರ ಹೆಸರು ಅನ್ನುವ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದರು. 'ಯಾಕೆ ಮಾವ, ಹೆಸರು ಹಾಕಿಲ್ಲ?' ಅಂದೆ. 'ಹಾಕುವಾ, ಹಾಕುವಾ' ಅಂದು ಪತ್ರ ಮಡಿಚಿಟ್ಟರು.

ಈಗ ಆ ನಾಗಮ್ಮನ ಕಥೆ ಕೇಳಿ. ಮಾವನ ಜಗಲಿಯ ಕೆಂಪು ನೆಲದಲ್ಲಿ ಚೌಕಾಬಾರದ ಮನೆಗಳನ್ನು ಕೊರೆದಿದೆ. ಮನೆ ಕಟ್ಟುವಾಗ ಗಾರೆ ಆರುವ ಮೊದಲೇ ಅತ್ತೆ ಮೇಸ್ತ್ರಿಯನ್ನು ಕಾಡಿ ಗೆರೆ ಎಳೆಸಿದ್ದಳು. ಅತ್ತೆ ಹೋದ ಮೇಲೂ ನಾಗಮ್ಮ ಮತ್ತು ಅವಳ ಇಬ್ಬರು ಗೆಳತಿಯರು ಭಾನುವಾರ ಮಧ್ಯಾಹ್ನ ಅಲ್ಲಿ ಬಂದು ಆಡುತ್ತಿದ್ದರು. ವಾರಕ್ಕೊಂದು ಸಲ ಆ ಮನೆಯಲ್ಲಿ ಮನುಷ್ಯರ ಸದ್ದು ಕೇಳುತ್ತಿದ್ದುದು ಆಗಲೇ. ಪತ್ರ ಬರೆದ ಮುಂದಿನ ಭಾನುವಾರ ಮಾವ ಕನ್ನಡಕ ಏರಿಸಿಕೊಂಡು ಅವರ ಮುಂದೆ ನಿಂತು, 'ಈ ಕಟ್ಟಳೆ ಇನ್ನು ಮೇಲೆ ಹಕ್ಕಿಗೆ ಒಳಪಟ್ಟದ್ದು, ಆಡುವ ಮೊದಲು ನನ್ನ ಲಿಖಿತ ಅನುಮತಿ ಪಡೆಯತಕ್ಕದ್ದು' ಅಂತ ಓದಿದರಂತೆ!

ನಾಗಮ್ಮ ಕವಡೆ ಕೆಳಗಿಟ್ಟು ಕೇಳಿದಳಂತೆ: "ಅಂಗಂದ್ರೇನಣ್ಣ?"

"ಅಂದ್ರೆ ನನ್ನ ಕೇಳಿ ಆಡ್ಬೇಕು."

"ನಿನ್ನ ಮುಂದೇನೆ ಕುಂತ್ ಆಡ್ತಾ ಇದೀವಿ, ಇನ್ನೆಂಗ್ ಕೇಳದು?"

"ಅರ್ಜಿ ಕೊಡಿ."

ಅರ್ಜಿ ಕೊಡುವವರು ಆಟ ಆಡಲು ಯಾಕೆ ಬರುತ್ತಾರೆ, ನೀವೇ ಹೇಳಿ? ಮೂವರೂ ಕವಡೆ ಕಾಯಿ ಸೆರಗಿಗೆ ಕಟ್ಟಿಕೊಂಡು ಎದ್ದರು. ಎದುರುಮನೆ ಜಗಲಿಯಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡು, ಗೆದ್ದವರು ಎದ್ದು ಹೋಗುವ ಮಾಮೂಲಿ ಆಟವನ್ನೇ ಆಡಿಕೊಂಡರು. ಮಾವ ಪೇಟೆಂಟನ್ನು ತೊಡೆಯ ಮೇಲಿಟ್ಟುಕೊಂಡು ಈ ಕಡೆ ಒಬ್ಬರೇ ಕೂತರು. ಕಟ್ಟಳೆಯ ಮೇಲೆ ಸಂಪೂರ್ಣ ಹಕ್ಕು, ಆಡಲು ಮಾತ್ರ ಒಬ್ಬರೂ ಇಲ್ಲ!

ಮುಂದಿನ ಸಲ ನಾನು ಹೋದಾಗ ಅವರ ಧಾಟಿಯೇ ಬದಲಾಗಿತ್ತು. "ತಪ್ಪು ಮಾಡ್ದೆ ಕಣವ್ವ. ನಲವತ್ತು ವರ್ಷ ಪತ್ರ ಬರೆದಿವ್ನಿ, ಗೋಮಾಳಾನ ಯಾರಾದ್ರೂ ತಮ್ಮ ಖಾತೆಗೆ ಹಾಕಿಸ್ಕೊಳ್ಳೋಕೆ ಬಂದ್ರೆ ಎದ್ದೋಗಯ್ಯ ಅಂತಿದ್ದೆ. ಈಗ ನಾನೇ ಅದ್ನ ಮಾಡ್ದೆ." ಗೋಮಾಳ ಅಂದರೆ ಊರಿನ ದನಗಳೆಲ್ಲ ಮೇಯುವ ಜಾಗ. ಅದಕ್ಕೆ ಮಾಲೀಕರಿಲ್ಲ, ಹಾಗಂತ ಬಿಟ್ಟಿ ಬಿದ್ದಿರುವ ಜಾಗವೂ ಅಲ್ಲ.

ನಾನು ಸುಮ್ಮನಿರಬಾರದೇ? ನಮ್ಮ ಶಾಲೆಯ ಕಂಪ್ಯೂಟರ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳಿದ್ದನ್ನು ಒಪ್ಪಿಸಿದೆ. ಒಬ್ಬ ವರ್ಷಗಟ್ಟಲೆ ನಿದ್ದೆಗೆಟ್ಟು ಹೊಸ ಥರದ ಆಟ ಕಂಡುಹಿಡಿಯುತ್ತಾನೆ. ಮಾರನೇ ದಿನ ಇನ್ನೊಬ್ಬ ನಕಲು ಹೊಡೆಯುತ್ತಾನೆ. ಅದು ನ್ಯಾಯವೇ ಅಂತ.

ಮಾವ ಅಂದರು: "ನಿಮ್ಮ ಮೇಷ್ಟ್ರ ಮಾತಲ್ಲೂ ಹುರುಳದೆ. ಬೊಂಬೆ ಬರೆದವನಿಗೆ ಬೊಂಬೆ, ಹಾಡು ಕಟ್ಟಿದವನಿಗೆ ಹಾಡು. ಮನೆ ಕಟ್ಟಿದವನಿಗೆ ಮನೆ ಖಾತೆ ಮಾಡ್ಕೊಡು, ಬ್ಯಾಡ ಅಂದೋರ್ಯಾರು? ಆದ್ರೆ ಮನೆಗೊಂದು ಬಾಗ್ಲು ಇಡ್ಬೇಕು ಅನ್ನೋ ಉಪಾಯಾನೂ ಅವನ ಖಾತೆಗೇ ಹಾಕ್ಬುಟ್ರೆ, ನಾವೆಲ್ಲ ಕಿಟಕೀಲಿ ಹಾರ್ಬೇಕಾ?"

ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಇದನ್ನು ಒಪ್ಪಿಸಿದಾಗ ನಮ್ಮ ಕಂಪ್ಯೂಟರ್ ಮೇಷ್ಟ್ರು ಒಮ್ಮೆ ಕಿಟಕಿಯ ಕಡೆ ತಿರುಗಿ ನೋಡಿದರು!

ಅಲ್ಲಿಂದ ಮುಂದೆ ಮಾವ ಕಂಪನಿಯ ಮೇಲೆ ತಕರಾರು ಅರ್ಜಿ ಹಾಕಲು ಹೊರಟರು. ಈ ಕಟ್ಟಳೆ ಹೊಸದಲ್ಲ, ನಾವು ಹಿಂದಿನಿಂದ ಆಡುತ್ತಿದ್ದೇವೆ ಅಂತ ರುಜುವಾತು ಮಾಡಬೇಕು. ಅದಕ್ಕೆ ಸಾಕ್ಷಿ ಬೇಕು. ನಾಗಮ್ಮನ ಗುಂಪು ಆಗಲೇ ಮುನಿಸಿಕೊಂಡಿತ್ತು, ಅವರನ್ನು ಬಿಟ್ಟು ಹಿಂದೆ ಜಗಲಿಗೆ ಬಂದು ಆಡಿದವರ ಪಟ್ಟಿ ಬರೆದರು. ಹದಿನಾಲ್ಕು ಹೆಸರು. ಅದರಲ್ಲಿ ಒಂಬತ್ತು ಹೆಸರಿನ ಮುಂದೆ 'ದಿವಂಗತ' ಅಂತ ಅವರೇ ತಮ್ಮ ದುಂಡು ಅಕ್ಷರದಲ್ಲಿ ಸೇರಿಸಿದರು. ನಾಲ್ವರು ಎಲ್ಲಿದ್ದಾರೋ ಗೊತ್ತಿಲ್ಲ. ಉಳಿದವರು ಒಬ್ಬರೇ, ಪಕ್ಕದ ಹೆಡತಲೆ ಊರಿನ ಹಳೆಯ ಗೆಳೆಯ. ಬಸ್ಸು ಹತ್ತಿ ಹೋಗಿ ಮಾವ ವಿಷಯ ವಿವರಿಸಿ ಸಹಿ ಕೇಳಿದರು. ಆ ಮಹಾರಾಯ ಪತ್ರವನ್ನೆಲ್ಲ ಓದಿ ಏನಂದ ಗೊತ್ತೇ?

"ಅಲ್ಲ ಕಣ್ಲಾ, ಇದು ನಿಂದೆಂಗಾಯ್ತದೆ? ನಮ್ಮಜ್ಜಿ ಕಾಲದಿಂದ್ಲೂ ನಮ್ಮನೇಲಿ ಇಂಗೇ ಆಡದು! ನಾನು ನಿಮ್ಮನೇಗ್ ಬಂದಾಗ, ಇವ್ರಿಗೂ ಗೊತ್ತಲ್ಲ ಅನ್ಕಂಡಿದ್ದೆ."

ಸಾಕ್ಷಿ ಕೇಳಲು ಹೋದವರು ಪ್ರತಿವಾದಿಯನ್ನು ಹುಟ್ಟಿಸಿಕೊಂಡು ಬಂದರು! ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರು. ಮಾವ ಮಾತ್ರ ಆ ದಿನ ಅದೇ ಮೊದಲ ಸಲ ನನಗೆ ತಾವಾಗಿ ಫೋನ್ ಮಾಡಿ, "ಹೆಡತಲೇಲೂ ಅದೆಯಂತೆ ಕಣವ್ವ" ಅಂದರು. ದನಿಯಲ್ಲಿ ಏನೋ ಖುಷಿಯಿತ್ತು. ಯಾಕೆ ಅಂತ ನನಗೆ ಆಗ ತಿಳಿಯಲಿಲ್ಲ.

ಕಡೆಗೆ ತಕರಾರನ್ನು ನಾನೇ ಟೈಪು ಮಾಡಿ ಕಂಪನಿಗೆ ಮೇಲ್ ಕಳಿಸಿದೆ. 'ಪೇಟೆಂಟು ಕೊಡೋರು ಕಚೇರಿಯವರು ಮಾವ, ಕಂಪನಿಯಲ್ಲ' ಅಂದರೂ, 'ಮೊದಲು ಎದುರುದಾರನಿಗೆ ನೋಟೀಸು' ಅಂತ ಪಟ್ಟು. ಒಂದೇ ನಿಮಿಷದಲ್ಲಿ ಉತ್ತರ ಬಂತು: 'ನಿಮ್ಮ ಅನಿಸಿಕೆಗೆ ಧನ್ಯವಾದ. ಆಟ ಇಷ್ಟವಾಗಿದ್ದರೆ ಐದು ಸ್ಟಾರ್ ಕೊಡಿ.' ಮಾವ ಅದನ್ನು ಮೂರು ಸಲ ಓದಿಸಿ ಕೇಳಿದರು. "ಧನ್ಯವಾದ ಅಂದವ್ರಲ್ಲ, ಅಂದ್ರೆ ತಕರಾರು ಸ್ವೀಕೃತ" ಅಂತ ತೀರ್ಮಾನಿಸಿ, ಮುಂದಿನ ಹಂತ ಸ್ಥಳ ಮಹಜರು ಅಂತ ಘೋಷಿಸಿದರು!

ಮಹಜರು ಅಂದರೆ ಪಂಚರನ್ನು ಕರೆದು, ಅವರ ಕಣ್ಣೆದುರಿಗೆ ಸ್ಥಳ ತನಿಖೆ ಮಾಡಿ, ಕಂಡದ್ದನ್ನು ಬರೆದು ಸಹಿ ಹಾಕಿಸುವುದು. ಜಮೀನಿನ ಒತ್ತುವರಿಗೆ ಮಾಡುತ್ತಾರೆ. ಚೌಕಾಬಾರಕ್ಕೆ ಮಾಡಿದ್ದನ್ನು ನೀವೆಲ್ಲಾದರೂ ಕೇಳಿದ್ದೀರಾ? ನಾಗಮ್ಮ ಮತ್ತು ಅವಳ ಇಬ್ಬರು ಗೆಳತಿಯರು, ಮೂಲೆಯ ಜೆರಾಕ್ಸ್ ಅಂಗಡಿ ಮಾದೇವ, ಐದನೆಯವಳು ನಾನು. ನಾಗಮ್ಮನ ಮನೆಗೆ ಮಾವ ತಾವೇ ಹೋಗಿ, 'ಅರ್ಜಿ ಗಿರ್ಜಿ ಏನೂ ಬ್ಯಾಡ ಕಣವ್ವ, ಬಂದು ಕೂತ್ಕಳಿ' ಅಂದರಂತೆ.

ನಾನು ಹೋದಾಗ ಜಗಲಿ ತೊಳೆದಿತ್ತು. ಐದು ಜನಕ್ಕೆ ಕಡಲೆಪುರಿ, ಕಾಫಿ, ಬಾಳೆಹಣ್ಣು. ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಛಾಪಾ ಕಾಗದ ಸವರುತ್ತಿದ್ದರು. ಹೆಬ್ಬೆಟ್ಟಿನ ಇಂಕಿನ ಪ್ಯಾಡು ಬೇರೆ! ನಾನು, ನಾಗಮ್ಮ, ಮಾದೇವ, ಮಾವ ಆಡಲು ಕೂತೆವು. ಮಾವ ತಮ್ಮ ಮಾಮೂಲಿ ಹುಣಸೆಬೀಜ ತೆಗೆದುಕೊಳ್ಳಲಿಲ್ಲ. ಷರಾಯಿ ಜೇಬಿನಿಂದ ಸಣ್ಣ ಡಬ್ಬಿ ತೆಗೆದು ನಾಲ್ಕು ಹಸಿರು ಬಳೆ ಚೂರು ಇಟ್ಟರು. ಅತ್ತೆಯ ಕಾಯಿಗಳು. ಕೂತದ್ದೂ ಅತ್ತೆ ಕೂರುತ್ತಿದ್ದ ಗೋಡೆ ಬದಿಯಲ್ಲಿ. ನಾಗಮ್ಮ ಕೂಡ ಆ ದಿನ ಮೋಸ ಮಾಡಲಿಲ್ಲ, ದಕ್ಷಿಣದ ಗಡಿಯೇ ಅಳಿಸಿಹೋಯಿತು!

ಅತ್ತೆಯ ಕಾಯಿಗಳದು ಅತ್ತೆಯದೇ ಅದೃಷ್ಟ. ಒಂದು ಬಿದ್ದರೆ ಎರಡು ಬೀಳದು. ನನಗೆ ಚೌಕದ ಮೇಲೆ ಚೌಕ, ಬಾರದ ಮೇಲೆ ಬಾರ. ಐದು ಗಂಟೆ ದಾಟುವ ಹೊತ್ತಿಗೆ ನನ್ನ ನಾಲ್ಕೂ ಕಾಯಿ ಹಣ್ಣು. ಬಳೆ ಚೂರು ಮೂರು ಇನ್ನೂ ಹೊರಸುತ್ತಿನಲ್ಲೇ ಇದ್ದವು. ನಾನು ಯೋಚನೆಯೇ ಇಲ್ಲದೆ ವಾಚು ನೋಡಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಎದ್ದೆ.

"ಮಾವ, ಐದೂವರೆ ಬಸ್ಸು. ಎಲ್ಲಿ ಸಹಿ ಹಾಕ್ಬೇಕು?"

ಮಾವ ತಲೆ ಎತ್ತಲಿಲ್ಲ. ಮಹಜರನ್ನು ಓದತೊಡಗಿದರು. "ಸದರಿ ಕಟ್ಟಳೆ ಹುಟ್ಟಿದ ಕಾರಣ: ಸದರಿ ಮನೆಯಲ್ಲಿದ್ದುಕೊಂಡು ಓದುತ್ತಿದ್ದ ಹುಡುಗಿಯು ಪ್ರತಿ ಶನಿವಾರ ಮಧ್ಯಾಹ್ನ ಆಟ ಗೆದ್ದ ಕೂಡಲೆ ಬ್ಯಾಗು ತೆಗೆದುಕೊಂಡು ಮೂಗೂರಿನ ಬಸ್ಸಿಗೆ ಓಡುತ್ತಿದ್ದಳು. ಅವಳು ಇನ್ನೊಂದು ಅರ್ಧ ಗಂಟೆ ಮನೆಯಲ್ಲಿರಲಿ ಅಂತ ನನ್ನ ಹೆಂಡತಿಯು..."

ಅಲ್ಲಿಗೆ ನಿಲ್ಲಿಸಿ ಕನ್ನಡಕ ತೆಗೆದು ಪಂಚೆಯಂಚಿಗೆ ಒರೆಸಿಕೊಳ್ಳಲು ನೋಡಿದರು. ಆ ದಿನ ಷರಾಯಿ ಹಾಕಿದ್ದು ನೆನಪಾಗಿ ಅಂಗಿಗೇ ಒರೆಸಿಕೊಂಡರು.

"ನಿಮ್ಮತ್ತೆ ಮಾಡಿದ್ದು ಕಣವ್ವ ಆ ಕಟ್ಟಳೆ. ಬೇಕು ಅಂತ್ಲೇ ಸೋಲೋಳು. ನಿಂಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಹೈಸ್ಕೂಲಿನ ಮೂರು ವರ್ಷ ಪ್ರತಿ ಶನಿವಾರ ನಾನು ಗೆದ್ದೆ ಅಂತ ಬೀಗಿದ್ದೇ ಬಂತು. ಒಂದು ಬಿತ್ತು ಅಂತ ಅತ್ತೆ ನಗುತ್ತಿದ್ದಳಲ್ಲ, ಯಾಕೆ ನಗುತ್ತಾಳೆ ಅಂತ ಒಂದು ದಿನವೂ ಕೇಳಲಿಲ್ಲ. ಮಾಲೀಕರ ಜಾಗ ಯಾಕೆ ಖಾಲಿಯಿತ್ತು ಅಂತ ಈಗ ತಿಳಿಯಿತು.

"ಹೆಡತಲೇಲೂ ಯಾರೋ ಇಂಗೇ ಎದ್ದೋಗ್ತಿದ್ರು ಅಂತ ಕಾಣ್ತದೆ" ಅಂದರು ಮಾವ, ತಮ್ಮಷ್ಟಕ್ಕೆ. "ಯಾರೋ ಕೂರಿಸ್ಕೊಂಡವ್ರೆ."

ಏಳು ಗಂಟೆಗೆ ಇನ್ನೊಂದು ಬಸ್ಸಿದೆ. ಅದು ನನಗೆ ಯಾವತ್ತೂ ಗೊತ್ತಿತ್ತು.

ಬ್ಯಾಗು ಕೆಳಗಿಟ್ಟೆ. ಸುತ್ತಿ ಬಂದು ಗೋಡೆ ಬದಿಯಲ್ಲಿ, ಮಾವನ ಪಕ್ಕ ಕೂತೆ. ನಾಗಮ್ಮ ಕವಡೆಗಳನ್ನು ನನ್ನ ಕೈಗೆ ಹಾಕಿದಳು. ಅತ್ತೆಯ ಹಸಿರು ಚೂರುಗಳ ಪರವಾಗಿ ಎಸೆದೆ.

ಒಂದು ಬಿತ್ತು.

"ಒಂದೇ ಮಾವ" ಅಂದೆ.

"ಸಾಕು ಕಣವ್ವ" ಅಂದರು ಮಾವ. "ನಿಧಾನಕ್ಕೇ ಹೋಗ್ಲಿ."